ಎರಡನೇ ಪಿತ್ತಕೋಶ

"ಏನಮ್ಮ, ಹುಟ್ಟುವಾಗ್ಲೇ ಎರಡೆರಡು ಪಿತ್ತಕೋಶ ಇಟ್ಕೊಂಡು ಹುಟ್ಟಿದ್ಯಾ?"

ಆಸ್ಪತ್ರೆಯ ವಿಮೆ ಕೌಂಟರಿನ ಸಾಹೇಬ ಎಷ್ಟು ಜೋರಾಗಿ ಕೇಳಿದನೆಂದರೆ, ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಅತ್ತಿಗೆ ನಗಲಿಲ್ಲ. ಒಂದು ಕೈಯಿಂದ ಬಲಪಕ್ಕೆ ಒತ್ತಿಹಿಡಿದು, ಇನ್ನೊಂದರಿಂದ ಕೌಂಟರಿನ ಅಂಚು ಹಿಡಿದು ನಿಂತಿದ್ದಳು. ಅವಳ ಕಣ್ಣು ಹಳದಿಯಾಗಿ ವಾರವಾಗಿತ್ತು. ಅವಳ ಒಂದು ಪಕ್ಕಕ್ಕೆ ನಾನು, ಇನ್ನೊಂದು ಪಕ್ಕಕ್ಕೆ ಅವಳ ನಾದಿನಿ. ಮೂವರೂ ಅದೇ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವವರು. ನಾದಿನಿಗಷ್ಟೇ ಅಲ್ಲ, ಇಡೀ ಲಾಂಡ್ರಿಗೆ ಅವಳು ಅತ್ತಿಗೆಯೇ.

ಹೋದ ವರ್ಷವೇ ಈ ಕಾರ್ಡಿನ ಮೇಲೆ ಪಿತ್ತಕೋಶ ತೆಗೆದಾಗಿದೆ, ತೆಗೆದದ್ದನ್ನೇ ಇನ್ನೊಂದು ಸಲ ತೆಗೆಯಲು ಕಂಪನಿಗೇನು ಹುಚ್ಚೇ ಎಂದ ಸಾಹೇಬ. ನಾನು ಸ್ಕ್ಯಾನ್ ಚೀಟಿ ಮುಂದಿಟ್ಟೆ. ಕಲ್ಲು ತುಂಬಿದೆ, ಕೀವಾಗಿದೆ, ತಡ ಮಾಡಿದರೆ ಒಳಗೇ ಒಡೆಯುತ್ತದೆ ಎಂದು ಇದೇ ಆಸ್ಪತ್ರೆಯ ಸರ್ಜನ್ ಹೇಳಿದ್ದರು. ಚೀಟಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಅವನು ವಾಪಸು ತಳ್ಳಿದ.

"ಸ್ಕ್ಯಾನ್ ಏನಾದ್ರೂ ಹೇಳ್ಕೊಳ್ಲಿ. ಸಿಸ್ಟಮ್ ಪ್ರಕಾರ ನಿನ್ನ ಹೊಟ್ಟೇಲಿ ಅದು ಇಲ್ಲ. ಇಲ್ಲದ್ದು ಹೆಂಗೆ ನೋಯುತ್ತೆ?"

ಅವನ ಬಾಯಿಗೆ ಕೊಳೆ ಬಟ್ಟೆ ತುರುಕಬೇಕು ಅನ್ನಿಸಿತು ನನಗೆ. ಆದರೆ ಆ ಕಾರ್ಡಿನ ಮೇಲೆ ಆಪರೇಶನ್ ಆಗಿದ್ದು ನಿಜ. ಹೊಟ್ಟೆ ಮಾತ್ರ ನಾದಿನಿಯದು.

ನಮ್ಮ ಲಾಂಡ್ರಿಯಲ್ಲಿ ವಿಮೆ ಕಾರ್ಡು ಅಂದರೆ ಮನೆಯ ಕೊಡೆ ಇದ್ದಂತೆ. ಯಾರು ಹೊರಗೆ ಹೋಗಬೇಕೋ ಅವರು ಹಿಡಿದುಕೊಂಡು ಹೋಗುವುದು. ಮೊದಲು ಎಲ್ಲರಿಗೂ ಒಂದೊಂದಿತ್ತು. ಆಸ್ಪತ್ರೆಯವರು ನಮ್ಮನ್ನು ಗುತ್ತಿಗೆದಾರನಿಗೆ ಒಪ್ಪಿಸಿದ ಮೇಲೆ ಒಬ್ಬೊಬ್ಬರದೇ ಹೋಯಿತು. ಹೊಸಬರಿಗೆ ಇಲ್ಲ, ಹೆರಿಗೆಗೆ ಹೋಗಿ ಬಂದವರಿಗೆ ಇಲ್ಲ, ಇಸ್ತ್ರಿ ಯಂತ್ರಕ್ಕೆ ಕೈ ಕೊಟ್ಟು ರಜೆ ಹಾಕಿದ ನನಗೂ ಇಲ್ಲ. ಕೊನೆಗೆ ಉಳಿದದ್ದು ಅತ್ತಿಗೆಯದೊಂದೇ. ಕೌಂಟರಿನ ಹಿಂದೆ ಗೋಡೆ ತುಂಬ ಒಂದು ಭಿತ್ತಿಪತ್ರ. ವಿಮೆ ಇಲ್ಲದವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ ಎಂದು ಬರೆದು, ಹಲ್ಲು ಕಿರಿಯುವ ಒಂದು ಸಂಸಾರದ ಚಿತ್ರ ಹಾಕಿದ್ದರು. ಇಳಿದವರೆಲ್ಲ ನೇರ ನಮ್ಮ ನೆಲಮಾಳಿಗೆಗೇ ಬಂದಿದ್ದಾರೆ ಎಂದು ನಾವು ಆಡಿಕೊಳ್ಳುತ್ತಿದ್ದೆವು.

ಹೋದ ವರ್ಷ ನಾದಿನಿ ನೋವಿನಿಂದ ನೆಲಕ್ಕೆ ಬಿದ್ದು ಹೊರಳಾಡಿದಾಗ, ಅತ್ತಿಗೆ ಎರಡನೇ ಮಾತಿಲ್ಲದೆ ಕಾರ್ಡು ತೆಗೆದು ಕೊಟ್ಟಿದ್ದಳು. ಆಗ ಯಾರೂ ತಡೆಯಲಿಲ್ಲ. ಟೋಪಿ, ಮಾಸ್ಕು ಹಾಕಿದ ನಮ್ಮನ್ನು ದಿನಾ ಕಾಣುತ್ತಿದ್ದ ಮಂದಿಯಲ್ಲಿ ಒಬ್ಬರಾದರೂ ಮುಖ ನೋಡಿದ್ದರೆ ತಾನೇ? ಹೊಲಿಗೆ ಬಿಚ್ಚಿದ ದಿನ ನಾದಿನಿ, ಅತ್ತಿಗೆ ಇನ್ನು ಏನೇ ಕಾಯಿಲೆ ತಂದುಕೊಂಡರೂ ಇದೊಂದು ಬೇಡ ಎಂದು ತಮಾಷೆ ಮಾಡಿದ್ದಳು. ನಾವೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ನಮ್ಮ ನಗುವಿಗೆ ಬೆಂಕಿ ಬೀಳ.

ಸಾಹೇಬ ಮುಂದಕ್ಕೆ ಬಾಗಿದ. "ಬೇರೆ ಯಾರಿಗಾದ್ರೂ ಕಾರ್ಡ್ ಕೊಟ್ಟಿದ್ರೆ ಈಗ್ಲೇ ಹೇಳ್ಬಿಡು. ಕಾರ್ಡ್ ರದ್ದು ಮಾಡಿ, ಪೊಲೀಸ್‌ಗೆ ಒಂದು ಕಂಪ್ಲೇಂಟ್ ಕೊಟ್ರೆ ಕತೆ ಮುಗೀತು."

ನಾದಿನಿಯ ಕೈ ರವಿಕೆಯ ಅಂಚಿಗೆ ಹೋಯಿತು. ಅತ್ತಿಗೆ ಪಕ್ಕೆ ಬಿಟ್ಟು ಅವಳ ಮಣಿಕಟ್ಟು ಹಿಡಿದಳು.

"ನಂದೇ ಸಾರ್," ಅಂದಳು. "ಮತ್ತೆ ಬೆಳೆದಿರ್ಬೇಕು."

ಸಾಲು ಮತ್ತೊಮ್ಮೆ ನಕ್ಕಿತು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

ನೆಲಮಾಳಿಗೆಯ ಮೆಟ್ಟಿಲ ಮೇಲೆ ಅವಳನ್ನು ಕೂರಿಸಿದೆವು. ನಾದಿನಿ ವಾಪಸು ಹೋಗಿ ಎಲ್ಲ ಹೇಳಿಬಿಡುತ್ತೇನೆ ಎಂದು ಹಟ ಹಿಡಿದಳು. ಹೇಳಿ ಏನು ಬಂತು? ಅತ್ತಿಗೆಯ ಗಂಡ, ಅಂದರೆ ನಾದಿನಿಯ ಸ್ವಂತ ಅಣ್ಣ, ಎರಡೂ ಕಿಡ್ನಿ ಹೋದವನು. ಇದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ವಾರಕ್ಕೆರಡು ಸಲ ಅವನ ರಕ್ತ ಯಂತ್ರದೊಳಗೆ ಹೋಗಿ ತೊಳೆಸಿಕೊಂಡು ಬರಬೇಕು. ಅದೂ ಈ ಕಾರ್ಡಿನ ಮೇಲೆಯೇ. ನಿಜ ಹೇಳಿದರೆ ಕಾರ್ಡು ಹೋಗುತ್ತದೆ, ಗಂಡ ಹೋಗುತ್ತಾನೆ, ಆಪರೇಶನ್ನೂ ಆಗುವುದಿಲ್ಲ. ಸುಳ್ಳು ಹೇಳಿದರೆ ಇವಳು ಹೋಗುತ್ತಾಳೆ. ಧರ್ಮಾಸ್ಪತ್ರೆಯವರು ಆಗಲೇ ಹಾಸಿಗೆ ಇಲ್ಲವೆಂದು ವಾಪಸು ಕಳಿಸಿದ್ದರು. ಎಲ್ಲ ಬಾಗಿಲೂ ಹೊರಗಿನಿಂದ ಚಿಲಕ ಹಾಕಿಕೊಂಡಿದ್ದವು.

"ಬಾಯಿ ಬಿಟ್ರೆ ನಿಮ್ಮಣ್ಣನ್ನ ತಿಂದ್ಕೊಂಡೋಳು ನೀನೇ ಆಗ್ತೀಯ ಕಣೇ," ಅಂದಳು ಅತ್ತಿಗೆ.

"ಬಿಡ್ದೆ ಇದ್ರೆ ನಿನ್ನ ತಿಂದ್ಕೊಂಡೋಳು ಆಗ್ತೀನಲ್ಲ ಅತ್ತಿಗೆ."

ಅತ್ತಿಗೆ ಗೋಡೆ ಹಿಡಿದು ಎದ್ದು ಕೆಲಸಕ್ಕೆ ಇಳಿದಳು.

ಆಪರೇಶನ್ ಕೋಣೆಯ ಹಸಿರು ಬಟ್ಟೆ ನಮ್ಮ ಕೈಯಿಂದಲೇ ಹೋಗಬೇಕು. ರಕ್ತದ ಬಟ್ಟೆಯನ್ನು ಮೊದಲು ತಣ್ಣೀರಲ್ಲಿ ನೆನೆಸುವುದು, ಒಗೆಯುವುದು, ಒಣಗಿಸುವುದು, ಮಡಿಸಿ ಗಂಟು ಕಟ್ಟಿ ಹಬೆಯಲ್ಲಿ ಬೇಯಿಸುವುದು. ಬೆಂದ ಗಂಟಿಗೆ ಆಮೇಲೆ ಯಾರ ಮೈಯೂ ತಾಗುವಂತಿಲ್ಲ. ತಾಗಿದರೆ ಅದು ಒಳಗೆ ಹೋಗುವುದಿಲ್ಲ, ಮತ್ತೆ ಮೊದಲಿನಿಂದ ಶುರು.

ಅತ್ತಿಗೆ ನಾಲ್ಕು ಬಟ್ಟೆ ಮಡಿಸುವಷ್ಟರಲ್ಲಿ ನೆನೆಹಾಕಿದ ತೊಟ್ಟಿಯ ಮೇಲೆ ಬಗ್ಗಿ ವಾಂತಿ ಮಾಡಿಕೊಂಡು ಅಲ್ಲೇ ಕುಸಿದಳು. ಮೈ ಕೆಂಡದಂತೆ ಸುಡುತ್ತಿತ್ತು. ಗುತ್ತಿಗೆದಾರನ ಮೇಸ್ತ್ರಿ ಬಂದವನು ಅವಳನ್ನು ನೋಡಲಿಲ್ಲ, ತೊಟ್ಟಿ ನೋಡಿದ.

"ಸಾಯೋದಿದ್ರೆ ಮನೇಗೆ ಹೋಗಿ ಸಾಯಿ ಮುಂಡೇದೆ. ಗಂಟು ಎಲ್ರೇ? ಡೈರೆಕ್ಟರ್ ಮಗ ಮೇಜಿನ ಮೇಲೆ ಮಲಗಾಯ್ತು."

ಆಸ್ಪತ್ರೆಯ ಡೈರೆಕ್ಟರ ಮಗನಿಗೆ ಏನೂ ಆಗಿರಲಿಲ್ಲ. ಮೂಗು ಸ್ವಲ್ಪ ಸೊಟ್ಟ ಎಂದು ನೆಟ್ಟಗೆ ಮಾಡಿಸಿಕೊಳ್ಳುತ್ತಿದ್ದ, ಅಷ್ಟೇ.

ನಾದಿನಿ ಹೆರಿಗೆ ಕೋಣೆಗೂ ಅಪಘಾತದವರಿಗೂ ಬೇಕಾದ ಗಂಟುಗಳನ್ನು ಬೇರೆ ಮಾಡಿ ಮೊದಲು ಕಳಿಸಿದಳು. ಕೊಳೆ ಬಟ್ಟೆಯ ಗಾಡಿ ಖಾಲಿ ಮಾಡಿ ಅತ್ತಿಗೆಯನ್ನು ಅದರಲ್ಲಿ ಮಲಗಿಸಲು ನಮಗೆ ಸನ್ನೆ ಮಾಡಿದಳು. ಉಳಿದ ಗಂಟುಗಳ ಗಾಡಿಯನ್ನು ತಾನೇ ತಳ್ಳಿಕೊಂಡು ಲಿಫ್ಟ್ ಹತ್ತಿದಳು. ಅತ್ತಿಗೆಯ ಗಾಡಿ ತಳ್ಳಿಕೊಂಡು ನಾವೂ ಹಿಂದೆಯೇ ಹೋದೆವು. ಆಪರೇಶನ್ ಕೋಣೆಯ ಬಾಗಿಲ ಮುಂದೆ ಒಂದು ಗಂಟನ್ನು ಚಿಮಟದಿಂದ ಎತ್ತಿ, ನಾನು ಹಿಡಿದಿದ್ದ ತಟ್ಟೆಯ ಮೇಲಿಟ್ಟಳು. ಆಮೇಲೆ ಮಿಕ್ಕ ಗಂಟುಗಳನ್ನೆಲ್ಲ ನೆಲಕ್ಕೆ ಸುರಿದು ಅವುಗಳ ಮೇಲೆ ಕುಳಿತುಬಿಟ್ಟಳು.

ಸರ್ಜನ್ ತೊಳೆದ ಕೈಗಳನ್ನು ಮೇಲೆತ್ತಿಕೊಂಡು ಬಾಗಿಲಿಗೆ ಬಂದರು. ಅತ್ತಿಗೆಯನ್ನು ಗುರುತು ಹಿಡಿದರು. ಇನ್ನೂ ಯಾಕೆ ಸೇರಿಸಿಲ್ಲ ಎಂದು ಕೇಳಿದರು.

"ಚೊಕ್ಕಟ ಗಂಟು ಇರೋದು ಅದೊಂದೇ ಡಾಕ್ಟ್ರೇ," ನಾದಿನಿ ನನ್ನ ಕೈಯಲ್ಲಿದ್ದ ತಟ್ಟೆ ತೋರಿಸಿದಳು. "ಅದು ಅತ್ತಿಗೇದು. ಅತ್ತಿಗೆ ಜತೇಲೇ ಒಳಗೆ ಹೋಗುತ್ತೆ. ಮೂಗಿನೋರಿಗೆ ಕಾಯೋಕೆ ಹೇಳಿ."

ಅಷ್ಟರಲ್ಲಿ ಮೇಸ್ತ್ರಿಯ ಜೊತೆ ವಿಮೆ ಸಾಹೇಬ ಓಡಿ ಬಂದ. ಕಾಸಿಲ್ಲದೆ, ಕಾರ್ಡಿಲ್ಲದೆ ಒಳಗೆ ಬಿಟ್ಟರೆ ನಿಮ್ಮ ಕೆಲಸಕ್ಕೂ ಕುತ್ತು ಎಂದು ಸರ್ಜನ್‌ಗೇ ಹೇಳಿದ. ಸರ್ಜನ್ ಒಂದು ಹೆಜ್ಜೆ ಹಿಂದೆ ಸರಿದರು. ಅವರ ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಸಾಹೇಬ ನಮ್ಮೆದುರೇ ಫೋನು ಕಿವಿಗಿಟ್ಟು, ಆ ಕಾರ್ಡನ್ನು ಈ ಕ್ಷಣವೇ ನಿಲ್ಲಿಸಿ, ಯಾರಿಗೂ ಯಾವುದಕ್ಕೂ ನಡೆಯಬಾರದು ಎಂದ.

ನಾದಿನಿ ಎದ್ದು ನಿಂತಳು. ರವಿಕೆಯ ಅಂಚನ್ನು ಪಕ್ಕೆಲುಬಿನವರೆಗೆ ಎತ್ತಿದಳು. ಅಡ್ಡಕ್ಕೆ ಬಿದ್ದ ಹೊಲಿಗೆಯ ಗುರುತು ಎಲ್ಲರಿಗೂ ಕಂಡಿತು.

"ಇದೇ ಕಣೋ ಬೋಳಿಮಗನೇ ಹೋದ ವರ್ಷದ್ದು. ಹೇಳಿದ್ರೆ ನಮ್ಮಣ್ಣ ಸಾಯ್ತಾನೆ ಅಂತ ಮುಚ್ಕೊಂಡಿದ್ದೆ. ಈಗ ನೀನೇ ನಿಲ್ಲಿಸಿದ್ಯಲ್ಲ, ನೋಡ್ಕೋ."

ಯಾರೂ ನಗಲಿಲ್ಲ. ಗಾಡಿಯಲ್ಲಿ ಅತ್ತಿಗೆ ನರಳುತ್ತಿದ್ದಳು. ಸರ್ಜನ್ ಅವಳನ್ನೂ ಸಾಹೇಬನನ್ನೂ ನೋಡುತ್ತ ಬಾಗಿಲಲ್ಲೇ ನಿಂತಿದ್ದರು. ತಟ್ಟೆಯ ಗಂಟಿಗೆ ಯಾರೂ ತಾಗದಂತೆ ನಾನು ಗೋಡೆಗೆ ಒತ್ತಿ ನಿಂತೆ.

ಆಗ ಮೆಟ್ಟಿಲಿಳಿದು ನಾದಿನಿಯ ಅಣ್ಣ ಬಂದ. ಕಾರ್ಡು ನಿಂತಿದೆ ಎಂದು ಮೇಲಿನವರು ಅವನನ್ನು ಯಂತ್ರದ ಹಾಸಿಗೆಯಿಂದ ಎಬ್ಬಿಸಿ ಕಳಿಸಿದ್ದರು. ಸೂಜಿಗೆಂದು ಮಡಚಿದ ಅಂಗಿಯ ತೋಳು ಹಾಗೆಯೇ ಇತ್ತು, ಮುಖ ಊದಿಕೊಂಡಿತ್ತು. ಗಾಡಿಯಲ್ಲಿದ್ದ ಹೆಂಡತಿಯನ್ನು ನೋಡಿದ, ನಾವು ಯಾಕೆ ಅಲ್ಲಿದ್ದೇವೆಂದು ಯಾರೂ ಅವನಿಗೆ ಹೇಳಬೇಕಾಗಲಿಲ್ಲ. ತಂಗಿ ಮತ್ತೆ ಕುಳಿತು, ಸ್ವಲ್ಪ ಪಕ್ಕಕ್ಕೆ ಸರಿದಳು. ಅವನು ತೋಳನ್ನು ಕೆಳಗಿಳಿಸಿ ಗುಂಡಿ ಹಾಕಿಕೊಂಡು, ಬಾಗಿಲಿಗೆ ಅಡ್ಡವಾಗಿ ಅವಳ ಪಕ್ಕದ ಗಂಟಿನ ಮೇಲೆ ಕುಳಿತ.