ಓಡಿನ ಮನೆ, ಓಡುವ ಮನೆ

ಬಸ್ಸು ಹೊರಟು ಸೀಟಿನ್ನೂ ಬಿಸಿಯಾಗಿರಲಿಲ್ಲ, ಅಮ್ಮ ಆಗಲೇ ಕಂಡಕ್ಟರನ ಹುಳುಕು ಹುಡುಕಲು ಶುರುಮಾಡಿದ್ದಳು.

"ನೋಡೇ, ನೋಡಲ್ಲಿ! ಬಾಗಿಲು ಹಾಕೇ ಇಲ್ಲ, ಸೀಟಿ ಊದ್ಬಿಟ್ಟ. ನಮ್ಮ ಕಾಲದಲ್ಲಿ ಹೀಗೆ ಮಾಡಿದ್ರೆ ಡ್ರೈವರಣ್ಣ ಗಾಡಿ ಆಫ್ ಮಾಡಿ, ಇಳಿದು ಬಂದು ಬೈತಿದ್ದ."

"ಅಮ್ಮಾ, ನೀನು ರಿಟೈರ್ ಆಗಿದ್ದೀಯ."

"ನಾನು ಆಗಿದ್ದೀನಿ, ಕಣ್ಣು ಆಗಿಲ್ವಲ್ಲ."

ಮಗಳು ನಗು ತಡೆದುಕೊಂಡು ಕಿಟಕಿ ಕಡೆ ತಿರುಗಿದಳು. ಅವಳನ್ನು ಮನೆಯಲ್ಲೂ ಬೀದಿಯಲ್ಲೂ ಕರೆಯುವುದು ಚಿಲ್ರೆ ಅಂತ. ಹುಟ್ಟಿದಾಗ ಅಂಗೈಯಷ್ಟೇ ಇದ್ದಳಂತೆ. ಬಸ್ ಕಂಡಕ್ಟರ್ ಕೆಲಸದಲ್ಲಿದ್ದ ಅಮ್ಮ ಆಸ್ಪತ್ರೆಯ ಹಾಸಿಗೆಯಲ್ಲೇ, "ಅಯ್ಯೋ ದೇವರೇ, ನೋಟು ಕೇಳಿದ್ರೆ ಚಿಲ್ರೆ ಕೊಟ್ಯಲ್ಲಪ್ಪಾ" ಅಂದಳಂತೆ. ಅಷ್ಟೇ, ಹೆಸರು ಅಂಟಿಕೊಂಡುಬಿಟ್ಟಿತು. ಈಗ ಆ ಚಿಲ್ರೆ ಅಮ್ಮನಿಗಿಂತ ಒಂದು ಗೇಣು ಎತ್ತರ. ಹೊಲಿಗೆ ಮೆಷಿನ್ ರಿಪೇರಿ ಅವಳ ಕಸುಬು. ಅಂಗಡಿ ಗಿಂಗಡಿ ಏನಿಲ್ಲ. ಹೆಗಲಿಗೆ ಸ್ಪ್ಯಾನರು, ಎಣ್ಣೆ ಡಬ್ಬಿ, ಸೂಜಿ, ಬೆಲ್ಟು ತುಂಬಿದ ಚೀಲ. ಯಾವ ಊರಿನ ಟೈಲರ್ ಫೋನ್ ಮಾಡಿದರೂ ಬಸ್ಸು ಹತ್ತಿಬಿಡುವುದು. ಆದರೆ ಮೆಷಿನ್ನಿನ ತಲೆಯನ್ನೇ ಬಿಚ್ಚಿ ತರಬೇಕಾದಾಗ ಬಸ್ಸಿನವರು ಹತ್ತಿಸುತ್ತಿರಲಿಲ್ಲ, ಮಾರನೇ ದಿನಕ್ಕೆ ಉಳಿಯಬೇಕೆಂದರೆ ಜಾಗ ಸಿಗುತ್ತಿರಲಿಲ್ಲ. ಹೀಗಾಗಿ ಅವಳ ತಲೆಯೊಳಗೆ ಒಂದೇ ಚಿತ್ರ ಗಿರಕಿ ಹೊಡೆಯುತ್ತಿತ್ತು: ಒಂದು ವ್ಯಾನು, ಒಳಗೆ ರಿಪೇರಿಯ ಮೇಜು, ಮಲಗಲು ಹಾಸಿಗೆ, ಚಹಾ ಕಾಯಿಸಲು ಒಲೆ.

ಹೋದ ವಾರ ಫೋನಿನಲ್ಲಿ ಜಾಹೀರಾತೊಂದು ಕಣ್ಣಿಗೆ ಬಿತ್ತು. 'ಓಡುವ ಮನೆ ಮಾರಾಟಕ್ಕಿದೆ. ಎರಡು ಹಾಸಿಗೆ, ಒಂದು ಒಲೆ, ನಾಲ್ಕು ಚಕ್ರ. ಬಂದು ನೋಡಿ.' ಜೊತೆಗೊಂದು ಫೋಟೋ: ಕೆನೆ ಬಣ್ಣದ ಮೈ, ನಡುವಿಗೆ ಹಸಿರು ಪಟ್ಟಿ, ಕಿಟಕಿಗೆ ಚೌಕುಳಿ ಪರದೆ. ಚಿಲ್ರೆಗೆ ರಾತ್ರಿ ನಿದ್ದೆ ಹತ್ತಲಿಲ್ಲ. ಕೊಡುವವರು ಎಲ್ಲೋ ರಸ್ತೆ ಮುಗಿಯುವ ಕಡೆಯ ಊರಿನವರು, ಇರಲಿ. ಆದರೆ ಅಮ್ಮನಿಗೆ ರಿಟೈರ್ ಆದಾಗ ಬಂದ ಗಂಟನ್ನು ಬಿಚ್ಚದೆ ಅದು ಆಗುವ ಮಾತಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಅಮ್ಮ ಪಾತ್ರೆ ತೊಳೆಯುತ್ತಿದ್ದಳು. ನಲ್ಲಿ ಭರ್ರೋ ಅಂತ ಸುರಿಯುತ್ತಿತ್ತು. ಚಿಲ್ರೆ ಬಾಗಿಲಲ್ಲಿ ನಿಂತು, ಧೈರ್ಯವೆಲ್ಲ ಒಟ್ಟುಮಾಡಿ, ಒಂದೇ ಉಸಿರಿಗೆ ಹೇಳಿದ್ದಳು: "ಅಮ್ಮಾ ಒಂದು ಓಡೋ ಮನೆ ಮಾರಾಟಕ್ಕಿದೆ ನೋಡ್ಕೊಂಡು ಬರೋಣ್ವಾ?" ಅಮ್ಮ ಸೋಪಿನ ಕೈಯಲ್ಲೇ ತಿರುಗಿ, ಮುಖವಿಡೀ ಬೆಳಗಿಸಿಕೊಂಡು, "ನಡಿಯೇ!" ಅಂದುಬಿಟ್ಟಿದ್ದಳು. ಇಷ್ಟು ಸುಲಭಾನಾ ಅಂತ ಚಿಲ್ರೆ ಮೂರು ದಿನ ಗಾಳಿಯಲ್ಲೇ ತೇಲಾಡಿದ್ದಳು.

ಈಗ ಬಸ್ಸಿನಲ್ಲಿ ಅಮ್ಮ ಅವಳ ಪಕ್ಕೆ ತಿವಿದು ಕೇಳಿದಳು: "ಅಲ್ವೇ, ಓಡು ಎಷ್ಟು ಹಳೇದಂತೆ?"

"ಯಾವ ಓಡು?"

"ಮನೇ ಹೆಂಚು ಕಣೇ. ಹಳೇ ಓಡಾದ್ರೆ ಬೆಕ್ಕು ಓಡಾಡಿದ್ರೂ ಜರುಗುತ್ತೆ. ಆಮೇಲೆ ಮಳೆ ಬಂದಾಗ ಪಾತ್ರೆ ಇಟ್ಕೊಂಡು ಕೂರ್ಬೇಕು. ಏಣಿ ಇದ್ಯಾ ಕೇಳಿದ್ಯಾ?"

ಚಿಲ್ರೆ ಹಣೆ ಚಚ್ಚಿಕೊಂಡಳು. ಓಡೋ ಮನೆ. ಓಡಿನ ಮನೆ. ಅಯ್ಯೋ, ಆ ಹಾಳು ನಲ್ಲಿ!

ಅಮ್ಮ ತನ್ನ ಪಾಡಿಗೆ ತಾನು ಚೀಲದಿಂದ ಹೊಸ ಹಿತ್ತಾಳೆ ಬೀಗ ತೆಗೆದು ತೋರಿಸುತ್ತಿದ್ದಳು. "ನಿನ್ನೆ ತಗೊಂಡೆ. ಇಷ್ಟು ವರ್ಷ ಬೇರೆಯವರ ಮನೆಗೆ ಬೇರೆಯವರ ಬೀಗ ಹಾಕಿದ್ದಾಯ್ತು. ಇದು ಸ್ವಂತದ್ದು." ಬಾಡಿಗೆ ಮನೆಯಿಂದ ಬಾಡಿಗೆ ಮನೆಗೆ ಅಮ್ಮ ಮಗಳಿಬ್ಬರೂ ಗಂಟುಮೂಟೆ ಕಟ್ಟಿದ್ದೇ ಕಟ್ಟಿದ್ದು. ಚಿಲ್ರೆ ಆ ಬೀಗವನ್ನು ಮೆಲ್ಲಗೆ ಚೀಲದೊಳಕ್ಕೆ ವಾಪಸ್ಸು ಇಟ್ಟಳು.

"ಅಮ್ಮಾ, ಕೇಳು. ಅದು ಓಡಿನ ಮನೆ ಅಲ್ಲ."

"ತಾರಸೀದಾ? ಇನ್ನೂ ಒಳ್ಳೇದಾಯ್ತು ಬಿಡು! ಬಟ್ಟೆ ಒಣಗಿಸ್ಬೋದು."

ಚಿಲ್ರೆ ಮತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಬಸ್ಸು ಒಂದು ತಿರುವಿಗೆ ಬಂತು, ಕೆಳಗೆ ಅಗಲವಾದ ಕೆರೆಯೊಂದು ಫಳ್ಳನೆ ಹೊಳೆಯಿತು. ಅಮ್ಮ ಅರ್ಧ ಎದ್ದು ಕತ್ತು ಚಾಚಿದಳು. ಬಸ್ಸು ತಿರುಗಿತು. ಗುಡ್ಡ ಅಡ್ಡ ಬಂತು.

"ಹೋಯ್ತು," ಅಂದು ಅಮ್ಮ ಕುಳಿತಳು. "ನನ್ನ ಸರ್ವೀಸ್ ಪೂರ್ತಿ ಇದೇ ಕಥೆ. ಟಿಕೆಟ್ ಹರಿದು ತಲೆ ಎತ್ತೋ ಹೊತ್ತಿಗೆ ಎಲ್ಲಾ ಹೋಗಿರ್ತಿತ್ತು. ಎಷ್ಟೂರು ಸುತ್ತಿದ್ರೇನು, ನೋಡಿದ್ದು ಬರೀ ಬಸ್‌ಸ್ಟ್ಯಾಂಡು."

ಕೊನೆಯ ಸ್ಟಾಪಿನಲ್ಲಿ ಇಳಿದರು. ಎರಡು ಅಂಗಡಿ, ಒಂದು ಪೋಸ್ಟಾಫೀಸು, ಆಕಳಿಸುವ ನಾಯಿ. ವಿಳಾಸ ಹಿಡಿದು ಓಣಿಯ ತುದಿಗೆ ಹೋದರೆ, ಏನಂತೀರಿ, ಎದುರಿಗಿದ್ದದ್ದು ಓಡಿನ ಮನೆಯೇ! ಕೆಂಪಗೆ, ಸಾಲಾಗಿ, ಒಂದೂ ಒಡೆಯದ ಓಡು. ಅಮ್ಮ ಎರಡೂ ಕೈ ಕೆನ್ನೆಗಿಟ್ಟುಕೊಂಡಳು. ಚಿಲ್ರೆಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಬಾಗಿಲು ತೆರೆದವರು ಭೂಗೋಳ ಪಾಠ ಮಾಡಿ ನಿವೃತ್ತರಾದ ಟೀಚರು. ಬಿಳಿ ಕೂದಲು, ದಪ್ಪ ಕನ್ನಡಕ, ತರಗತಿ ಇನ್ನೂ ಮುಗಿದೇ ಇಲ್ಲವೇನೋ ಅನ್ನುವಂಥ ದನಿ. ಅವರು ಬಾಯಿ ತೆರೆಯುವ ಮೊದಲೇ ಅಮ್ಮ ಒಳಗೆ ನಡೆದುಬಿಟ್ಟಿದ್ದಳು. ಗೋಡೆ ತಟ್ಟಿದಳು, ಕಿಟಕಿ ಎಳೆದಳು, ಅಡುಗೆಮನೆಗೆ ಇಣುಕಿದಳು.

"ಗಾಳಿ ಬೆಳಕು ಚೆನ್ನಾಗಿದೆ ಟೀಚರಮ್ಮಾ. ಈ ಗೋಡೆಗೆ ಮಾತ್ರ ಸುಣ್ಣ ಬೇಕು. ಸಾಮಾನೆಲ್ಲ ಯಾವಾಗ ಖಾಲಿ ಮಾಡ್ತೀರಿ?"

ಟೀಚರು ಕನ್ನಡಕ ಸರಿಮಾಡಿಕೊಂಡರು. "ನಾನು ಯಾಕಮ್ಮಾ ಖಾಲಿ ಮಾಡ್ಲಿ? ನಮ್ಮಪ್ಪ ಕಟ್ಟಿಸಿದ ಮನೆ ಇದು. ನಾನು ಮಾರ್ತಿರೋದು ಹಿಂದಿರೋ ವ್ಯಾನು!"

ಅಮ್ಮ ನಿಧಾನವಾಗಿ ಮಗಳ ಕಡೆ ತಿರುಗಿದಳು.

"ಓಡೋ ಮನೆ ಅಂದಿದ್ದೆ ಅಮ್ಮಾ," ಚಿಲ್ರೆಯ ದನಿ ನೂಲಿನಷ್ಟು ಸಣ್ಣಗಾಗಿತ್ತು. "ಚಕ್ರ ಇರೋದು. ನೀನು ಓಡಿನದು ಅಂತ ಕೇಳಿಸ್ಕೊಂಡೆ. ಬಸ್ಸಲ್ಲಿ ಗೊತ್ತಾಯ್ತು. ಹೇಳೋಕೆ ಬಾಯಿ ಬರ್ಲಿಲ್ಲ."

ಅಮ್ಮ ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬೈಯಲಿಲ್ಲ. "ವಯಸ್ಸೆಲ್ಲ ಓಡೋದ್ರಲ್ಲೇ ನಿಂತ್ಕೊಂಡು ಕಳೆದೆ ಕಣೇ," ಅಂದಳು. "ಇನ್ನಾದ್ರೂ ನಿಂತಿರೋದ್ರಲ್ಲಿ ಕೂತ್ಕೊಳ್ಳೋಣ ಅಂದ್ಕೊಂಡಿದ್ದೆ." ಅಷ್ಟು ಹೇಳಿ ಹಿತ್ತಲ ಮೆಟ್ಟಿಲ ಮೇಲೆ ಹೋಗಿ ಕುಳಿತಳು, ಬೀಗದ ಚೀಲ ಮಡಿಲಲ್ಲಿಟ್ಟುಕೊಂಡು.

ಚಿಲ್ರೆಗೆ ಅಲ್ಲಿಂದಲೇ ವಾಪಸ್ಸು ಓಡಿಬಿಡೋಣ ಅನ್ನಿಸಿತು. ಆದರೆ ಹಿತ್ತಲಲ್ಲಿ ತಗಡಿನ ಶೀಟಿನ ಕೆಳಗೆ ಅದು ನಿಂತಿತ್ತಲ್ಲ! ಕೆನೆ ಬಣ್ಣ, ಹಸಿರು ಪಟ್ಟಿ. ಫೋಟೋದಲ್ಲಿ ಕಂಡದ್ದಕ್ಕಿಂತ ದೊಡ್ಡದು. ಒಳಗೆ ಹೋದರೆ ಮಡಚುವ ಮೇಜು, ಅದರ ಎತ್ತರ ಹೊಲಿಗೆ ಮೆಷಿನ್ನಿಗೆ ಹೇಳಿ ಮಾಡಿಸಿದ ಹಾಗಿತ್ತು. ಎಂಜಿನ್ ತಿರುಗಿಸಿದಳು. ಎರಡು ಸಲ ಕೆಮ್ಮಿ, ಮೂರನೇ ಸಲಕ್ಕೆ ಗುಡುಗುಡು ಅಂತ ಎದ್ದಿತು.

"ಎಂಜಿನ್ ನನ್ನ ಹಾಗೇ ಗಟ್ಟಿ," ಟೀಚರು ಹೇಳಿದರು. "ಕಣ್ಣು ಮಾತ್ರ ಮಂಜಾಗಿದೆ, ಅದಕ್ಕೇ ಮಾರ್ತಿದ್ದೀನಿ. ಮೊದಲು ಬಂದವನು ಚಕ್ರ ಬಿಚ್ಚಿ ಕೋಳಿ ಗೂಡು ಮಾಡ್ತೀನಿ ಅಂದ. ಆಚೆಗಟ್ಟಿದೆ. ಓಡೋದು ಓಡ್ಬೇಕು. ಆದ್ರೆ ನೋಡು, ಪಕ್ಕದವರು ಕಾಂಪೌಂಡು ಹಾಕಿದ್ಮೇಲೆ ದಾರಿ ಕಿರಿದಾಗಿದೆ. ಗೇಟಿನ ಕಂಬಕ್ಕೆ ತಾಗಿಸದೆ ಹಿಂದಕ್ಕೆ ತೆಗೆದವರಿಗೇ ವ್ಯಾನು ಮಾರೋದು. ತಾಗಿತೋ, ಮಾತು ಮುಗೀತು."

ಚಿಲ್ರೆ ಅಮ್ಮನ ಕಡೆ ನೋಡಿದಳು. ಅಮ್ಮ ಗೋಡೆ ನೋಡುತ್ತಿದ್ದಳು.

ಆಗಲಿ, ಒಂದು ಸಲ ಕೂತಾದರೂ ನೋಡೋಣ ಅಂತ ಚಿಲ್ರೆ ರಿವರ್ಸ್ ಹಾಕಿದಳು. ಟೀಚರು ಹಿಂದೆ ನಿಂತು ಕೈಬೀಸತೊಡಗಿದರು. ವ್ಯಾನಿನ ಹಿಂಭಾಗ ಮೆಲ್ಲಗೆ ಎಡಕ್ಕೆ, ಕಂಬದ ಕಡೆಗೆ ವಾಲುತ್ತಿತ್ತು.

"ರೈಟ್!" ಟೀಚರು ಕೂಗಿದರು. ಸ್ಟೀರಿಂಗ್ ಬಲಕ್ಕೆ ತಿರುಗಿಸು ಅಂತ.

ಆದರೆ ಒಳಗೆ ಕೂತಿದ್ದವಳು ಯಾರು? ಕಂಡಕ್ಟರಮ್ಮನ ಮಗಳು. ನಡೆಯಲು ಕಲಿಯುವ ಮೊದಲೇ ಬಸ್ಸಿನ ಫುಟ್‌ಬೋರ್ಡಿನಿಂದ ಅಮ್ಮನ 'ರೈಟ್' ಕೇಳಿ ಬೆಳೆದವಳು. ಅವಳ ಕಿವಿಗೆ 'ರೈಟ್' ಅಂದರೆ ಬಲವಲ್ಲ, ಹೊರಡು! ಅವಳು ಸ್ಟೀರಿಂಗ್ ಅಲ್ಲಾಡಿಸದೆ ಕಾಲೊತ್ತಿದಳು.

"ರೈಟ್! ರೈಟ್!"

ಇನ್ನೂ ಒತ್ತಿದಳು.

"ಅಯ್ಯೋ ರೈಟ್ ಕಣೇ, ರೈಟ್, ರೈಟ್!"

ಇಷ್ಟು ಹುರಿದುಂಬಿಸಿದರೆ ಯಾರು ತಾನೇ ನಿಲ್ಲಿಸುತ್ತಾರೆ? ಕಂಬದ ಮುಂದಿದ್ದ ಹೂಕುಂಡ ಢಮಾರ್ ಅಂತ ಸಿಡಿಯಿತು.

"ಹೋಲ್ಡಾನ್!"

ಆ ಕೂಗಿಗೆ ವ್ಯಾನು ನಿಂತಿತು, ಟೀಚರು ನಿಂತರು, ಓಣಿಯ ನಾಯಿಯೂ ನಿಂತಿತು. ಅದು ಅಮ್ಮನ ಕೂಗು. ತುಂಬಿದ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರನ ಕಿವಿಗೆ ತಲುಪುತ್ತಿದ್ದ ಅದೇ ಕೂಗು. ಕಂಬಕ್ಕೂ ವ್ಯಾನಿಗೂ ನಡುವೆ ಒಂದು ಬೆರಳು ತೂರುವಷ್ಟು ಜಾಗ ಉಳಿದಿತ್ತು.

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದಳು. "ಟೀಚರಮ್ಮಾ, ನೀವು ಪಾಠ ಮಾಡೋದ್ರಲ್ಲಿ ದೊಡ್ಡವರು, ಒಪ್ಕೋತೀನಿ. ಗಾಡಿ ಹಿಂದೆ ನಿಂತು ರೈಟ್ ಅನ್ಬಾರ್ದು! ನನ್ನ ಮಗಳು ರೈಟ್ ಅಂದ್ರೆ ಬಾವಿಗೂ ಗಾಡಿ ಬಿಡ್ತಾಳೆ. ಪಕ್ಕಕ್ಕೆ ಬನ್ನಿ."

"ಅದು ಬಲಗಡೆಗೆ ಅಂತ..."

"ಬಲಗಡೆಗೆ ಬಲಗಡೆ ಅಂತಾನೇ ಹೇಳ್ಬೇಕು. ಕನ್ನಡ ಯಾಕಿದೆ ಮತ್ತೆ?"

ಟೀಚರು ಪೆಚ್ಚಾಗಿ, ಆಮೇಲೆ ತಾವೇ ನಕ್ಕು, ಪಕ್ಕಕ್ಕೆ ಬಂದರು.

ಚಿಲ್ರೆ ಕನ್ನಡಿಯಲ್ಲಿ ಅಮ್ಮನನ್ನೇ ನೋಡಿದಳು. ಮೆಟ್ಟಿಲ ಮೇಲೆ ಮುದುಡಿ ಕೂತಿದ್ದವಳು ಎಲ್ಲಿ ಹೋದಳು? ಇವಳು ಬೇರೆಯೇ. ಬೆನ್ನು ನೆಟ್ಟಗಿದೆ, ಒಂದು ಕೈ ವ್ಯಾನಿನ ಮೈಮೇಲೆ, ಕಣ್ಣು ಎರಡೂ ಕಂಬದ ಮೇಲೆ.

"ಮುಂದಕ್ಕೆ ತಗೋ. ಸಾಕು. ಈಗ ಹಿಂದಕ್ಕೆ. ಬರ್ಲಿ, ಬರ್ಲಿ, ಬರ್ಲಿ... ಬಲಕ್ಕೆ ಒಂಚೂರು. ಒಂಚೂರು ಅಂದ್ರೆ ಚಿಲ್ರೆಯಷ್ಟು ಕಣೇ, ನೋಟಿನಷ್ಟಲ್ಲ! ಬರ್ಲಿ. ಕಂಬ ನೋಡ್ಬೇಡ, ನನ್ನ ಕೈ ನೋಡು. ಬರ್ಲಿ, ಬರ್ಲಿ..."

ಎಡಗಡೆ ಒಂದು ಅಂಗೈ, ಬಲಗಡೆ ಒಂದು ಅಂಗೈ. ಕನ್ನಡಿ ಮಡಚಿಸಿದಳು. ಚಿಲ್ರೆಗೆ ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು, ಆದರೂ ಹೆದರಿಕೆ ಆಗಲಿಲ್ಲ. ಆ 'ಬರ್ಲಿ' ಅನ್ನೋ ದನಿ ಇರುವವರೆಗೆ ಏನೂ ಆಗಲ್ಲ ಅಂತ ಅವಳಿಗೆ ಹುಟ್ಟಾ ಗೊತ್ತು. ಬಂಪರು ಗೇಟು ದಾಟಿತು, ಮುಂದಿನ ಚಕ್ರ ದಾಟಿತು, ಕೆನೆ ಬಣ್ಣದ ಮೂತಿಯೂ ದಾಟಿತು. ಒಂದು ಗೀರೂ ಇಲ್ಲದೆ ವ್ಯಾನು ಬೀದಿಯ ಬಿಸಿಲಿನಲ್ಲಿ ನಿಂತಿತು.

ಟೀಚರು ಜೋರಾಗಿ ಚಪ್ಪಾಳೆ ತಟ್ಟಿದರು. ಎದುರು ಮನೆಯ ಕಿಟಕಿಯಿಂದಲೂ ಯಾರೋ ತಟ್ಟಿದರು. ಅಮ್ಮ ಏದುಸಿರು ಬಿಡುತ್ತಾ, ತಡೆಯಲಾಗದೆ, ಹಲ್ಲೆಲ್ಲ ಕಾಣುವಂತೆ ನಕ್ಕುಬಿಟ್ಟಳು. ನಕ್ಕಿದ್ದು ನೆನಪಾಗಿ ತಕ್ಷಣ ಮುಖ ಗಂಟಿಕ್ಕಿದಳು.

"ತೆಗೆದುಕೊಟ್ಟೆ ಅಷ್ಟೇ. ತಗೋತೀನಿ ಅಂದಿಲ್ಲ."

"ಒಂದು ಸುತ್ತು ಹೋಗಿ ಬರೋಣ ಬನ್ನಿ," ಟೀಚರು ಆಗಲೇ ಹಿಂದಿನ ಹಾಸಿಗೆಯ ಮೇಲೆ ಕಾಲು ಚಾಚಿ ಕುಳಿತಿದ್ದರು. "ನನ್ನದೂ ಕೊನೇ ಸವಾರಿ ಆಗ್ಲಿ."

ಅಮ್ಮ ಹತ್ತಿದಳು. ಹತ್ತಿದವಳು ಏನು ಮಾಡಿದಳು ಗೊತ್ತೇ? ಮೇಲಿನ ಕಪಾಟಿನ ಅಂಚು ಹಿಡಿದು, ಹಿಂದಕ್ಕೆ ಮುಖ ಮಾಡಿ, ಕಾಲಗಲಿಸಿ ನಿಂತುಬಿಟ್ಟಳು! ಟಿಕೆಟ್ ಕೊಡುವವರ ಹಾಗೆ.

"ಅಮ್ಮಾ," ಚಿಲ್ರೆ ಪಕ್ಕದ ಸೀಟು ತಟ್ಟಿದಳು. "ಇಲ್ಲಿ ಪ್ಯಾಸೆಂಜರ್ ಯಾರೂ ಇಲ್ಲ. ಮುಂದೆ ಬಂದು ಕೂತ್ಕೋ."

ಅಮ್ಮ ಒಂದು ಗಳಿಗೆ ಅನುಮಾನಿಸಿದಳು. ಬಂದು ಕುಳಿತಳು. ಎದುರಿಗೆ ಅಗಲವಾದ ಗಾಜು, ಗಾಜಿನಾಚೆ ರಸ್ತೆ, ರಸ್ತೆ ತಾನಾಗಿಯೇ ಬಿಚ್ಚಿಕೊಂಡು ಅವಳ ಮಡಿಲಿಗೇ ಬರುತ್ತಿತ್ತು. ಅಮ್ಮ ಇಷ್ಟು ಹೊತ್ತು ಮಾತಾಡದೆ ಕೂತದ್ದನ್ನು ಚಿಲ್ರೆ ಕಂಡೇ ಇರಲಿಲ್ಲ. ಊರು ದಾಟಿ ಗುಡ್ಡ ಬಳಸಿದ್ದೇ ತಡ, ಕೆಳಗೆ ಫಳ್ಳನೆ ಆ ಕೆರೆ.

"ಇಲ್ಲಿ ನಿಲ್ಸೋಕಾಗುತ್ತಾ?" ಅಮ್ಮ ಪಿಸುಗುಟ್ಟಿದಳು.

"ಇಲ್ಲಿ ಸ್ಟಾಪ್ ಇಲ್ವಲ್ಲಮ್ಮಾ," ಚಿಲ್ರೆ ಗಂಭೀರವಾಗಿ ಹೇಳಿದಳು.

"ಕೊಟ್ಟೆ ಅಂದ್ರೆ ಒಂದು! ಹೋಲ್ಡಾನ್!"

ನಿಲ್ಲಿಸಿದಳು. ಮೂವರೂ ನೀರಿನವರೆಗೆ ಇಳಿದರು. ಅಮ್ಮ ಚಪ್ಪಲಿ ಬಿಟ್ಟು ಮೊಣಕಾಲವರೆಗೂ ನೀರಿಗಿಳಿದು ಸುಮ್ಮನೆ ನಿಂತಳು. ಯಾರೂ ಸೀಟಿ ಊದಲಿಲ್ಲ. ಒಂದು ಬೆಳ್ಳಕ್ಕಿ ಹಾರಿತು, ಅದು ದಡ ಸೇರುವವರೆಗೂ ಪೂರ್ತಿ ನೋಡಿದಳು. ಆಚೆ ದಡದ ಮೇಲಿನ ರಸ್ತೆಯಲ್ಲಿ ಅವರು ಬೆಳಿಗ್ಗೆ ಬಂದ ಬಸ್ಸು ಪುಟ್ಟ ಡಬ್ಬಿಯಂತೆ ಹೋಯಿತು. ಅಮ್ಮ ಅದಕ್ಕೆ ಕೈಬೀಸಿದಳು.

ಆಮೇಲೆ ಏನೋ ನೆನಪಾದವಳಂತೆ ಮೇಲಕ್ಕೆ ಹತ್ತಿ ಹೋದಳು. ವ್ಯಾನಿನ ಹಿಂಬಾಗಿಲು ಹಾಕಿ, ಚೀಲದಿಂದ ಹಿತ್ತಾಳೆ ಬೀಗ ತೆಗೆದು, ಚಿಲಕಕ್ಕೆ ಸಿಕ್ಕಿಸಿ ಒತ್ತಿದಳು. ಟಕ್ ಅಂದಿತು. ಎರಡು ಸಲ ಜಗ್ಗಿ ನೋಡಿದಳು, ಮನೆ ಬಿಟ್ಟು ಹೊರಡುವಾಗ ಯಾವಾಗಲೂ ಜಗ್ಗುವ ಹಾಗೆ. ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿದಳು.

ಕೆಳಗಿನಿಂದ ಚಿಲ್ರೆ ಅದನ್ನೆಲ್ಲ ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು. ಟೀಚರು ಅವಳ ಬೆನ್ನ ಮೇಲೊಂದು ಗುದ್ದಿದರು. "ಪಾಸಾದೆ ಕಣೇ ಹುಡುಗಿ. ಹೋಗು!"

ಚಿಲ್ರೆ ಓಡಿದಳು. ಚಪ್ಪಲಿ ಒಂದು ಹಿಂದೆಯೇ ಉಳಿಯಿತು.

"ಸುಣ್ಣದ ಖರ್ಚಿಲ್ಲ ಅಂತ ಒಪ್ಕೊಂಡಿದ್ದೀನಿ," ಮುಂದಿನ ಸೀಟಿನಲ್ಲಿ ಆಗಲೇ ಕಾಲ ಮೇಲೆ ಕಾಲು ಹಾಕಿ ಕುಳಿತಿದ್ದ ಅಮ್ಮ ಹೇಳಿದಳು. "ಇನ್ಮೇಲೆ ನಲ್ಲಿ ಬಿಟ್ಟಿರೋವಾಗ ಏನೂ ಹೇಳ್ಬೇಡ. ಮೊದಲು ಟೀಚರಮ್ಮಂಗೆ ಹೊಸ ಹೂಕುಂಡ ಕೊಡಿಸ್ಬೇಕು. ಅವರು ಹತ್ತಿದ್ರಾ?"

"ಮನೆಗೆ ನೀವೇ ಬೀಗ ಹಾಕಿದ್ದೀರಲ್ಲ, ನಾನು ಎಲ್ಲಿಂದ ಹತ್ತಲಿ?" ಹಿಂದಿನಿಂದ ಟೀಚರ ಕೂಗು ಬಂತು.

ಅಮ್ಮ ನಗುತ್ತಲೇ ಇಳಿದು ಹೋಗಿ ಬೀಗ ತೆಗೆದು, ಅವರನ್ನು ಹತ್ತಿಸಿ, ಬಂದು ಕುಳಿತಳು. ಕಿಟಕಿಯಿಂದ ಕೈ ಹೊರಗೆ ಹಾಕಿ, ತನ್ನ ಮನೆಯ ಬಾಗಿಲ ಮೇಲೆ ಪಟ ಪಟ ಅಂತ ಎರಡು ಬಡಿದಳು.

"ರೈಟ್!"

ಚಿಲ್ರೆ ಸ್ಟೀರಿಂಗ್ ಅಲ್ಲಾಡಿಸದೆ ಕಾಲೊತ್ತಿದಳು.