ವೆಲಿಟಾ ಯಾಕೆ ನೀರು ಕುಡಿಯುತ್ತಿರಲಿಲ್ಲ

ವೆಲಿಟಾ ಬೆಳಿಗ್ಗೆ ಮನೆ ಬಿಟ್ಟರೆ ಕೆಲಸ ಮುಗಿಯುವವರೆಗೂ ಒಂದು ಗುಟುಕು ನೀರು ಕುಡಿಯುತ್ತಿರಲಿಲ್ಲ. ಅಬುಧಾಬಿಯ ಸೆಕೆ ಎಂಥದ್ದು ಅಂತ ನಿಮಗೆ ಗೊತ್ತು. ಆದರೂ ಅವಳಿಗೆ ಅದು ರೂಢಿಯಾಗಿಬಿಟ್ಟಿತ್ತು. ಶಾಲಾ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ ಅವಳದು. ಊರು ಕಿನ್ನಿಗೋಳಿ. ಈಗ ಗಂಡ ಡ್ಯಾನಿಯಲ್ ಜೊತೆ ಬನಿಯಾಸ್‌ನಲ್ಲಿ ಒಂದು ಬಾಡಿಗೆ ಕೋಣೆ.

ಕೆಲವು ದಿನಗಳಿಂದ ಮೂತ್ರಕ್ಕೆ ಹೋದರೆ ಉರಿ, ಬೆನ್ನಿನ ಒಂದು ಬದಿ ನೋವು. ಉಷ್ಣ ಆಗಿರಬೇಕು ಅಂತ ಸಂಜೆ ಜೀರಿಗೆ ನೀರು ಕುಡಿದು ಮಲಗಿದಳು. ಡ್ಯಾನಿಯಲ್ ಕೂಡ ಹಾಗೇ ಅಂದ. ರಜೆ ಕೇಳಿದರೆ ಕೆಲಸ ಹೋದೀತು ಎಂಬ ಹೆದರಿಕೆ ಇಬ್ಬರಿಗೂ. ಒಂದು ಬೆಳಿಗ್ಗೆ ಚಳಿಜ್ವರದಲ್ಲಿ ನಡುಗುತ್ತಲೇ ಬಸ್ಸು ಹತ್ತಿದಳು. ಪುಟ್ಟ ಹುಡುಗಿಯೊಬ್ಬಳಿಗೆ ಸೀಟ್ ಬೆಲ್ಟ್ ಹಾಕಲು ಬಗ್ಗಿದವಳು ಮೇಲೇಳಲಾಗದೆ ಅಲ್ಲೇ ಕುಸಿದಳು.

ಆಸ್ಪತ್ರೆಯಲ್ಲಿ ಅವಳನ್ನು ನೋಡಿದವರು ಡಾಕ್ಟರ್ ಮಧುಮತಿ, ವಿಜಯಪುರದ ಕಡೆಯವರು. ಮೂತ್ರ ಪರೀಕ್ಷೆ ಮಾಡಿಸಿದರು. ಸೋಂಕು ಕಿಡ್ನಿಗೆ ಏರಿದೆ, ಇನ್ನೂ ತಡ ಮಾಡಿದ್ದರೆ ಜೀವಕ್ಕೇ ಅಪಾಯವಿತ್ತು ಎಂದರು. ಅವಳು ದಿನವಿಡೀ ನೀರು ಮುಟ್ಟುವುದಿಲ್ಲ ಅಂತ ತಿಳಿದ ಮೇಲೆ ಪಕ್ಕದಲ್ಲಿ ಕುಳಿತು ಮೆಲ್ಲಗೆ ಕೇಳಿದರು, "ನೀರು ಯಾಕ ಕುಡಿಯಂಗಿಲ್ಲ ನೀವು?"

"ಕುಡಿದ್ರೆ ಹೋಗ್ಬೇಕಾಗ್ತದಲ್ಲ ಡಾಕ್ಟ್ರೇ. ಎಲ್ಲಿಗೆ ಹೋಗುದು?"

ಬಸ್ಸು ನಿಲ್ಲಿಸುವ ಯಾರ್ಡಿನಲ್ಲಿ ಹೆಂಗಸರ ಟಾಯ್ಲೆಟ್ ಒಂದಿತ್ತು. ಆದರೆ ಅದಕ್ಕೆ ಬೀಗ. ಅದು ಆಫೀಸಿನವರಿಗೆ ಮಾತ್ರ. ಬಸ್ಸಿನ ಹೆಂಗಸರು ಕೀ ಕೇಳಿದರೆ ಮ್ಯಾನೇಜರ್ ಕ್ಯಾಮಿಲಸ್ ಅರಬ್ಬಿಯಲ್ಲಿ 'ಮಾಫಿ', ಅಂದರೆ ಇಲ್ಲ, ಅಂದು ಮುಖ ತಿರುಗಿಸುತ್ತಿದ್ದ. ಅವನೂ ನಮ್ಮ ಕರಾವಳಿಯವನೇ. ಶಾಲೆಯೊಳಗೆ ಹೋಗಲೂ ಇವರಿಗೆ ಅನುಮತಿ ಇರಲಿಲ್ಲ.

ಡಾಕ್ಟರ ಮುಖ ಕೆಂಪಾಯಿತು. ಓದು ಮುಗಿದ ಹೊಸದರಲ್ಲಿ ಅವರು ಇಂಡಿ ತಾಲೂಕಿನ ಹಳ್ಳಿಯೊಂದರಲ್ಲಿ ಕೆಲಸಕ್ಕಿದ್ದರಂತೆ. ಕತ್ತಲಾಗುವವರೆಗೆ ತಡೆದುಕೊಂಡು ಇದೇ ಕಾಯಿಲೆ ತಂದುಕೊಂಡ ಹೆಂಗಸರನ್ನು ನೀರು ಕುಡಿಯಿರಿ ಅಂತ ಗದರುತ್ತಿದ್ದರಂತೆ. ಕೊನೆಗೆ ಗದರಬೇಕಾದ್ದು ಅವರನ್ನಲ್ಲ ಅಂತ ತಿಳಿದು, ಪಂಚಾಯಿತಿ ಮುಂದೆ ಪಟ್ಟು ಹಿಡಿದು ಕೂತು ಶೌಚಾಲಯ ಕಟ್ಟಿಸಿದರು.

"ಅಲ್ಲಿ ಇರಲಿಲ್ಲ, ಜಗಳಾಡಿ ಕಟ್ಟಿಸಿದ್ವಿ. ಇಲ್ಲಿ ಕಟ್ಟಿ ಬೀಗ ಹಾಕ್ಯಾರ. ಇದಕ್ಕ ಯಾವ ಔಷಧ ಬರೀಲಿ ನಾನು?" ಎಂದರು.

ನಾನೇ ಹೋಗಿ ಆ ಮ್ಯಾನೇಜರನ್ನು ಕೇಳುತ್ತೇನೆ, ಆದರೆ ನೀವು ಒಪ್ಪಿದರೆ ಮಾತ್ರ ಎಂದರು. ಬೇಡ, ನಮ್ಮ ವೀಸಾಕ್ಕೆ ಕುತ್ತು ಬಂದೀತು ಎಂದ ಆಸ್ಪತ್ರೆಗೆ ಓಡಿಬಂದಿದ್ದ ಡ್ಯಾನಿಯಲ್. ವೆಲಿಟಾಳಿಗೆ ಬಸ್ಸಿನಲ್ಲಿ ಇದೇ ಕೆಲಸ ಮಾಡುವ ಸುಸನ್ ನೆನಪಾದಳು. ಬಸುರಿ ಹೆಂಗಸು, ಅವಳೂ ದಿನವಿಡೀ ಬಾಯಿ ಒಣಗಿಸಿಕೊಂಡೇ ಕೂರುತ್ತಿದ್ದಳು.

"ಹೋಗಿ ಡಾಕ್ಟ್ರೇ," ಎಂದಳು. "ನನ್ನ ಹೆಸರು ಬಂದ್ರೂ ಪರ್ವಾಗಿಲ್ಲ."

ಯಾರ್ಡಿನಲ್ಲಿ ನಡೆದದ್ದನ್ನು ಸುಸನ್ನೇ ಬಂದು ಹೇಳಿದಳು. ಕ್ಯಾಮಿಲಸ್ ಡಾಕ್ಟರನ್ನು ಕೂರಿಸಿ ತಣ್ಣಗಿನ ನೀರು ತರಿಸಿದ. ಅವರು ಕುಡಿದು, ಟಾಯ್ಲೆಟ್ ಎಲ್ಲಿ ಅಂತ ಕೇಳಿದರು. ಅವನು ತಾನೇ ಓಡಿ ಹೋಗಿ ಬೀಗ ತೆಗೆದ. ಡಾಕ್ಟರ್ ಒಳಗೆ ಹೋಗಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದರು, "ನನಗ ಒಂದ ಮಾತಿಗೆ ತೆಗೆದ್ರಿ. ದಿನಾ ದುಡಿಯೋ ಈ ಹೆಣ್ಮಕ್ಕಳಿಗೆ ಯಾಕ ತೆಗೆಯಂಗಿಲ್ಲ? ಇವರ ಕಿಡ್ನಿ ಬ್ಯಾರೆ ಥರಾ ಅದಾವೇನು?"

ಕ್ಲೀನ್ ಮಾಡುವವರಿಲ್ಲ, ರೂಲ್ಸ್ ಹಾಗಿದೆ ಅಂತ ಅವನು ತಡವರಿಸಿದ. ಡಾಕ್ಟರ್ ಅಲ್ಲಿಂದ ನೇರ ಶಾಲೆಯ ಪ್ರಿನ್ಸಿಪಾಲರ ಹತ್ತಿರ ಹೋದರು. ಅವರಿಗೆ ಈ ಸಂಗತಿಯೇ ಗೊತ್ತಿರಲಿಲ್ಲ. ತಮ್ಮ ಶಾಲೆಯ ಮಕ್ಕಳನ್ನು ನೋಡಿಕೊಳ್ಳುವವರ ಪಾಡು ಗೊತ್ತಿಲ್ಲದಿದ್ದರೆ ಹೇಗೆ ಎಂದು ಡಾಕ್ಟರ್ ಅವರನ್ನೂ ಬಿಡಲಿಲ್ಲ. ಅದೇ ವಾರ ಯಾರ್ಡಿನ ಬೀಗ ಹೋಯಿತು. ಶಾಲೆಯ ಟಾಯ್ಲೆಟ್ಟನ್ನೂ ಬಳಸಬಹುದು ಎಂದಾಯಿತು. ಕ್ಯಾಮಿಲಸ್ ಮಾತ್ರ ತಪ್ಪಾಯಿತು ಅನ್ನಲಿಲ್ಲ.

ವೆಲಿಟಾ ಗುಣವಾಗಿ ಕೆಲಸಕ್ಕೆ ಮರಳಿದಳು. ಅದಕ್ಕೂ ಮುಂಚೆ, ಆಸ್ಪತ್ರೆಯಿಂದ ಮನೆಗೆ ಹೊರಡುವ ದಿನ, ಡ್ಯಾನಿಯಲ್ ಡಾಕ್ಟರಿಗೆ ಥ್ಯಾಂಕ್ಸ್ ಹೇಳಿದ. ಅವರಿಗೆ ಸಿಟ್ಟಿನ್ನೂ ಇಳಿದಿರಲಿಲ್ಲ. ಒಂದು ಬಾಗಿಲು ತೆಗೆಸಲು ಒಬ್ಬ ಹೆಂಗಸು ಸಾಯುವ ಹಂತಕ್ಕೆ ಹೋಗಬೇಕಾಯಿತಲ್ಲ ಎಂದರು. ಡೆಲಿವರಿ ವ್ಯಾನ್ ಓಡಿಸುವ ಡ್ಯಾನಿಯಲ್ ಕೂಡ ನೀರು ಕುಡಿಯದೆ ದಿನ ದೂಡುತ್ತಿದ್ದವನೇ. ಈಗ ಅವನೇ ಜೊತೆಯವರಿಗೆ ನೀರು ಕುಡಿಯಿರಿ, ತಡೆದುಕೊಳ್ಳಬೇಡಿ ಅಂತ ಹೇಳುತ್ತಾನೆ.

ಅಕ್ಕಂದಿರೇ, ಅಣ್ಣಂದಿರೇ, ಬಾಯಾರುವವರೆಗೆ ಕಾಯದೆ ನೀರು ಕುಡಿಯಿರಿ. ಮೂತ್ರ ಕಟ್ಟಿಕೊಂಡು ಕೂರಬೇಡಿ. ಉರಿ ಕಂಡರೆ ಡಾಕ್ಟರಿಗೆ ತೋರಿಸಿ. ಜೊತೆಗೆ ಚಳಿಜ್ವರ, ಬೆನ್ನುನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಕೊಟ್ಟ ಮಾತ್ರೆಯನ್ನು ಅರ್ಧಕ್ಕೆ ಬಿಡಬೇಡಿ. ಇನ್ನು, ನಿಮ್ಮ ಕೈಕೆಳಗೆ ನಾಲ್ಕು ಜನ ದುಡಿಯುತ್ತಿದ್ದರೆ, ಅವರು ಎಲ್ಲಿಗೆ ಹೋಗುತ್ತಾರೆ ಅಂತ ಇವತ್ತೇ ಕೇಳಿ. ಉತ್ತರ ಇಲ್ಲದಿದ್ದರೆ ತಪ್ಪು ಅವರದಲ್ಲ, ನಿಮ್ಮದು.