ಒಳಗೆ ತೆರೆಯುವ ಬಾಗಿಲುಗಳು

ನಮ್ಮ ಊರಿನಲ್ಲಿ ಇನ್ನೂರ ಹದಿನಾಲ್ಕು ಬಾಗಿಲುಗಳಿವೆ, ಆದರೆ ಒಂದು ಮನೆಯಲ್ಲೂ ಸಂಸಾರವಿಲ್ಲ. ಆಸ್ಪತ್ರೆಯಲ್ಲಿ ಮಂಚವಿಲ್ಲ, ಶಾಲೆಯಲ್ಲಿ ಮಕ್ಕಳಿಲ್ಲ, ಅಡುಗೆಮನೆಗಳಲ್ಲಿ ನಲ್ಲಿ ಉಂಟು, ನೀರಿಲ್ಲ. ಸೈನಿಕರಿಗೆ ಬೀದಿ ಕಾಳಗ ಕಲಿಸಲೆಂದು ಕಟ್ಟಿದ ಸುಳ್ಳು ಊರು ಇದು. ಬೆಳಿಗ್ಗೆ ಎಂಟಕ್ಕೆ ಗೇಟು ತೆರೆದರೆ ಊರು ಶುರು, ಸಂಜೆ ಐದಕ್ಕೆ ಬೀಗ.

ಇಪ್ಪತ್ತೆರಡು ವರ್ಷಗಳ ಹಿಂದೆ ಇಲ್ಲಿದ್ದದ್ದು ಬರೀ ಹನ್ನೆರಡು ಮನೆ, ಒಂದು ಓಣಿ. ಆಮೇಲೆ ದೂರದಲ್ಲಿ ಎಲ್ಲಿ ಯುದ್ಧವಾದರೂ ನಮ್ಮಲ್ಲಿ ಕಟ್ಟಡ ಏಳುತ್ತಿತ್ತು. ಒಂದು ಯುದ್ಧಕ್ಕೆ ಅಂಗಡಿ ಬೀದಿ ಬಂತು, ಇನ್ನೊಂದಕ್ಕೆ ಮೂರಂತಸ್ತಿನ ಮನೆಗಳು, ಮತ್ತೊಂದಕ್ಕೆ ನೆಲದಡಿಯ ಸುರಂಗ. ಬೋರ್ಡುಗಳ ಭಾಷೆ ಐದು ಸಲ ಬದಲಾಯಿತು. ಮೂಲೆಯ ಒಂದೇ ಅಂಗಡಿ ಮೊದಲು ಔಷಧಿ ಮಾರಿತು, ಆಮೇಲೆ ಚಪ್ಪಲಿ ಮಾರಿತು, ಈಗ ಬ್ರೆಡ್ಡು ಮಾರುತ್ತಿದೆ, ಎಲ್ಲವೂ ಬೋರ್ಡಿನ ಮೇಲೆ ಮಾತ್ರ. ಬದಲಾಗದೆ ಉಳಿದದ್ದು ಬಾಗಿಲುಗಳು. ಅವಷ್ಟೂ ನಮ್ಮವರ ಕೈಕೆಲಸ.

ನಮ್ಮವರು ಬಡಗಿ. ಸೈನಿಕರು ದಿನಾ ಒದ್ದು ಮುರಿಯುತ್ತಾರೆ, ಇವರು ದಿನಾ ಹೊಸದು ಕೂರಿಸುತ್ತಾರೆ. ಮುರಿಯಲೆಂದೇ ಮಾಡುವ ಬಾಗಿಲಿಗೆ ಇಷ್ಟೊಂದು ನಯನಾಜೂಕು ಯಾಕೆ ಎಂದು ನಾನು ರೇಗಿಸಿದರೆ ಕಿವಿಗೇ ಹಾಕಿಕೊಳ್ಳುವುದಿಲ್ಲ. ಬಾಗಿಲು ಒಳಗೇ ತೆರೆಯಬೇಕು, ಬಂದವರನ್ನು ಕರೆದುಕೊಳ್ಳಬೇಕು, ಅವರ ಮುಖಕ್ಕೆ ಬರಬಾರದು ಎಂದು ಇವರಿಗೆ ಕೆಲಸ ಕಲಿಸಿದ ಗುರು ಹೇಳಿದ್ದನಂತೆ. ಆ ಪುಣ್ಯಾತ್ಮನ ಮಾತು ಮೀರದೆ ಇನ್ನೂರ ಹದಿನಾಲ್ಕನ್ನೂ ಒಳಗೇ ತೆರೆಯುವಂತೆ ಕೂರಿಸಿದರು.

ನಾನು ಮೂವತ್ತೊಂದನೇ ಮನೆಯ ಯಜಮಾನಿ. ಸೈನಿಕರು ನುಗ್ಗಿದಾಗ ಮೂಲೆಯಲ್ಲಿ ಮುದುಡಿ ಕಿರುಚುವುದಕ್ಕೆ ನನಗೆ ಸಂಬಳ. ಅದಕ್ಕೆ ತರಬೇತಿ ಕೊಡುತ್ತೇವೆ ಎಂದರು, ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಅದೊಂದು ಬೇಡ ಎಂದೆ.

ಊರು ಶುರುವಾದಾಗ ನಮ್ಮ ಮಗಳು ಕಂಕುಳ ಕೂಸು. ರಜೆಯ ದಿನ ಅಪ್ಪನ ಜೊತೆ ಬಂದು ಇಲ್ಲೇ ಆಡಿ ಬೆಳೆದಳು. ಭುಜ ಕೊಟ್ಟು ಬಾಗಿಲು ನೂಕಿ ಒಂದು ಮನೆಯಿಂದ ಇನ್ನೊಂದಕ್ಕೆ ಓಡುವುದೇ ಅವಳ ಆಟ. ಈಗ ಅವಳೂ ಸೈನ್ಯದಲ್ಲಿದ್ದಾಳೆ. ತನ್ನ ಆಟದ ಬಯಲಿಗೇ ತರಬೇತಿಗೆ ಬಂದಾಗ, "ಕಣ್ಣು ಕಟ್ಟಿ ಬಿಟ್ರೂ ಓಡ್ತೀನಿ," ಎಂದು ಜಂಬ ಕೊಚ್ಚಿಕೊಂಡಿದ್ದಳು. ನಾವೂ ಬೀಗಿದ್ದೆವು. ಇನ್ನು ಹತ್ತು ದಿನಕ್ಕೆ ಅವಳ ತುಕಡಿ ನಿಜವಾದ ಯುದ್ಧಕ್ಕೆ ಹೊರಡುವುದಿತ್ತು.

ಆಗ ಬಂದವರು ಕೋಲು ಮೇಷ್ಟ್ರು. ಆರು ವರ್ಷದ ಹಿಂದೆ ಇಲ್ಲೇ ಕಲಿತು, ಮಗಳು ಈಗ ಹೊರಟಿದ್ದ ಅದೇ ದೂರದ ಊರಿಗೆ ಯುದ್ಧಕ್ಕೆ ಹೋಗಿ, ಮೊಣಕಾಲಿನ ಕೆಳಗೆ ಒಂದು ಕಾಲು ಕಳೆದುಕೊಂಡು, ಈಗ ಮರದ ಕಾಲು ಕಟ್ಟಿಕೊಂಡು, ಕೋಲೂರಿಕೊಂಡು ಕಲಿಸಲು ಬಂದಿದ್ದರು. ಮರಗೆಲಸದ ಶೆಡ್ಡಿನಲ್ಲಿ ನಮ್ಮ ಜೊತೆ ಟೀ ಕುಡಿಯುತ್ತ, ಮಾತಿಗೆ ಮಾತು ಬಂದು ಹೇಳಿಬಿಟ್ಟರು.

"ಅಲ್ಲಿ ಬಾಗಿಲುಗಳು ಹೊರಗೆ ತೆರೀತವೆ ಅಣ್ಣ. ನಾನು ಭುಜ ಕೊಟ್ಟೆ, ಜಗ್ಗಲಿಲ್ಲ. ಬೀಗ ಹಾಕಿದಾರೆ ಅಂದ್ಕೊಂಡು ಒದ್ದೆ. ಬೀಗಾನೂ ಇಲ್ಲ, ಏನೂ ಇಲ್ಲ! ಹಿಡಿ ಹಿಡಿದು ಎಳೆದಿದ್ರೆ ಸಾಕಿತ್ತು. ಬೀದೀಲಿ ಮೂರು ಸೆಕೆಂಡು ನಿಂತೆ ನೋಡಿ, ಅಷ್ಟೇ."

ಹೇಳಿ ನಕ್ಕರು. ನಮ್ಮವರು ಟೀ ಲೋಟವನ್ನು ಹಾಗೇ ಕೆಳಗಿಟ್ಟರು. ಈ ಮನುಷ್ಯನಿಗೆ ಬಾಯಿ ಮುಚ್ಚಿಕೊಂಡಿರಲು ಏನಾಗಿತ್ತು ಎಂದು ನನಗೆ ಮೈಯೆಲ್ಲ ಉರಿಯಿತು. ನನ್ನ ಮುಖ ನೋಡಿ ಮೇಷ್ಟ್ರು ತಡಬಡಾಯಿಸಿದರು. "ಅಯ್ಯೋ ಅಕ್ಕ, ಅಣ್ಣನ ತಪ್ಪು ಅಂತ ನಾನು ಹೇಳ್ಲಿಲ್ಲ." ಹೇಳಿರಲಿಲ್ಲ, ನಿಜ. ನಮ್ಮವರು ಕೇಳಿಸಿಕೊಂಡದ್ದು ಮಾತ್ರ ಅದನ್ನೇ.

ಮನೆಗೆ ಬಂದು ತಟ್ಟೆಯ ಮುಂದೆ ಕೂತರು, ತುತ್ತು ಎತ್ತಲಿಲ್ಲ. "ಆ ಹುಡುಗಿ ನಡೆಯೋಕೆ ಕಲಿತಿದ್ದೇ ನನ್ನ ಬಾಗಿಲು ನೂಕ್ಕೊಂಡು ಕಣೇ," ಎಂದರು. "ಎಲ್ಲರಿಗಿಂತ ಮೊದಲು ನೂಕೋದು ಅವಳೇ."

ಮಾರನೆಯ ದಿನ ದೊಡ್ಡ ಸಾಹೇಬರ ಆಫೀಸಿಗೆ ಹೋಗಿ, ಅರ್ಧದಷ್ಟು ಬಾಗಿಲುಗಳನ್ನು ತಿರುಗಿಸಿ ಕೂರಿಸುತ್ತೇನೆ ಎಂದು ಕೇಳಿದರು. ಸಾಹೇಬರು ನಕ್ಷೆ ಬಿಚ್ಚಿ ತೋರಿಸಿದರು. ನಕ್ಷೆಯಲ್ಲಿ ಬಾಗಿಲುಗಳೆಲ್ಲ ಒಳಗೇ ತೆರೆದಿದ್ದವು.

"ನಕ್ಷೆ ಬರೆದವರು ಆ ಊರು ನೋಡಿದಾರಾ ಸರ್?"

"ಬಾಗಿಲು ರಿಪೇರಿ ನಿಮ್ಮ ಕೆಲಸ. ಯುದ್ಧ ನಮ್ಮದು," ಎಂದರು ಸಾಹೇಬರು.

ಅದರ ಬೆನ್ನಿಗೇ ಮೂರು ದಿನ ರಜೆ ಬಿತ್ತು. ರಿಪೇರಿಗೆಂದು ಗೇಟಿನ ಕೀಲಿ ಯಾವಾಗಲೂ ನಮ್ಮವರ ಹತ್ತಿರವೇ ಇರುತ್ತದೆ. ಅಪ್ಪಣೆ ಇಲ್ಲದೆ ಒಂದು ಮೊಳೆಯನ್ನೂ ಹೊಡೆಯದ ಮನುಷ್ಯ ರಜೆಯ ಮೊದಲ ದಿನ ಬೆಳಿಗ್ಗೆ ಉಳಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡು, "ನೀನು ಬರ್ತೀಯಾ?" ಎಂದು ಕೇಳಿದರು. ಕೆಲಸ ಹೋದರೆ ಗತಿಯೇನು ಎಂದು ಬಾಯಿವರೆಗೆ ಬಂತು, ನುಂಗಿಕೊಂಡು ಚಪ್ಪಲಿ ಮೆಟ್ಟಿದೆ.

ಬಾಗಿಲು ಹೊರಗೆ ಬಾರದಂತೆ ತಡೆಯುವ ಚೌಕಟ್ಟಿನ ಪಟ್ಟಿ ಕಿತ್ತು ಒಳಬದಿಗೆ ಹೊಡೆಯಬೇಕು, ಕೀಲು ಬಿಚ್ಚಿ ಹೊರಗೆ ತರಬೇಕು. ನಾನು ಬಾಗಿಲು ಎತ್ತಿ ಹಿಡಿದು ಹಿಡಿದು ಸೊಂಟ ಬಿದ್ದುಹೋಯಿತು. ಎರಡನೇ ದಿನ ಕೋಲು ಮೇಷ್ಟ್ರು ಬಂದರು. ನೋಡಿದರು, ಕೋಲನ್ನು ಗೋಡೆಗೆ ಒರಗಿಸಿ ನೆಲದಲ್ಲಿ ಕೂತು ಸ್ಕ್ರೂ ಬಿಚ್ಚತೊಡಗಿದರು.

ಸ್ವಲ್ಪ ಹೊತ್ತಿನ ಮೇಲೆ, "ಕೀಲಿನ ಗಂಟು ನಮ್ಮ ಕಡೆ ಕಾಣಿಸಿದ್ರೆ ಎಳೀಬೇಕು, ಕಾಣಿಸದಿದ್ರೆ ನೂಕಬೇಕು. ಇಷ್ಟೇ ತಾನೇ? ಇದನ್ನ ನಾನೇ ಪಾಠದಲ್ಲಿ ಹೇಳ್ತೀನಲ್ಲ ಅಣ್ಣ," ಎಂದರು.

"ನೀವು ತಲೆಗೆ ಹೇಳ್ತೀರಿ. ನೂಕೋದು ಭುಜ," ಎಂದರು ನಮ್ಮವರು.

ಮೂರು ದಿನದಲ್ಲಿ ಎಪ್ಪತ್ತೊಂದು ಬಾಗಿಲು ತಿರುಗಿದವು, ಒಂದು ಇಲ್ಲಿ, ಒಂದು ಅಲ್ಲಿ, ಯಾರೂ ಊಹಿಸಲಾಗದಂತೆ. ನನ್ನ ಮೂವತ್ತೊಂದನೇ ಮನೆಯದೂ ತಿರುಗಿತು.

ನಾಲ್ಕನೇ ದಿನ ಕವಾಯತು. ಮೂಲೆಯಲ್ಲಿ ಮುದುಡಿ ಕೂತಿದ್ದೆ. ಬೀದಿಯಲ್ಲಿ ಬೂಟಿನ ಸದ್ದು ಓಡಿಬಂತು. ನನ್ನ ಬಾಗಿಲಿಗೆ ಧಡ್ ಎಂದು ಭುಜ ಬಿತ್ತು. ಬಾಗಿಲು ಅಲುಗಲಿಲ್ಲ. ಮತ್ತೆ ಧಡ್. ಮಗಳು ಎಂದು ನನಗೆ ಆಗಲೇ ಗೊತ್ತಾಯಿತು, ಆ ಗುದ್ದನ್ನು ಇಪ್ಪತ್ತು ವರ್ಷ ಕೇಳಿದ್ದೇನೆ. ಎಳಿಯೇ, ಎಳಿ, ಎಂದು ಒಳಗೊಳಗೇ ಬಡಬಡಿಸಿದೆ. ಎದುರು ಮಹಡಿಯಿಂದ ಶತ್ರು ವೇಷದವರ ಬಣ್ಣದ ಗುಂಡುಗಳು ಪಟಪಟನೆ ಹಾರಿದವು.

ಕೊನೆಗೆ ಇನ್ನೊಬ್ಬ ಸೈನಿಕ ಬಾಗಿಲು ಎಳೆದು ತೆರೆದು ಅವಳನ್ನು ದಾಟಿ ಒಳಗೆ ಬಂದ. ಬಣ್ಣ ತಗುಲಿ ಸತ್ತವರು ಕವಾಯತು ಮುಗಿದ ಸೀಟಿ ಕೇಳುವವರೆಗೆ ಬಿದ್ದಲ್ಲೇ ಬಿದ್ದಿರಬೇಕು, ಮಾತಾಡಬಾರದು ಎಂಬುದು ಇಲ್ಲಿಯ ನಿಯಮ. ನನ್ನ ಮಗಳು ಹೊಸ್ತಿಲಿಗೆ ಅಡ್ಡಲಾಗಿ ಬಿದ್ದಿದ್ದಳು. ಕುತ್ತಿಗೆಯಲ್ಲಿ ಕೆಂಪು ಬಣ್ಣ. ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು. ಕಿರುಚುವುದೇ ಕಸುಬಾದ ನಾನು ಆ ದಿನ ಕಿರುಚುವುದನ್ನೇ ಮರೆತೆ. ನಲವತ್ತು ನಿಮಿಷ ನಾವಿಬ್ಬರೂ ಹಾಗೇ ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಬಣ್ಣ ಎಂದು ಗೊತ್ತಿದ್ದೂ ಅದನ್ನು ಒರೆಸಬೇಕೆಂದು ಕೈ ತುಡಿಯುತ್ತಿತ್ತು.

ಸೀಟಿ ಬಿತ್ತು. ಮೂವತ್ತು ಮಂದಿಯಲ್ಲಿ ಹತ್ತೊಂಬತ್ತು ಮಂದಿ ಸತ್ತಿದ್ದರು. ಸಾಹೇಬರು ಕೆಂಡಾಮಂಡಲವಾಗಿ ಬೀದಿಗೆ ಬಂದು, "ಯಾರು ಮಾಡಿದ್ದು ಇದು?" ಎಂದು ಕೂಗಿದರು.

"ನಾನು ಸರ್," ಎಂದು ನಮ್ಮವರು ತಲೆ ತಗ್ಗಿಸಿ ನಿಂತರು.

"ನಾನೂ ಸರ್," ಎಂದರು ಕೋಲು ಮೇಷ್ಟ್ರು. "ಅಲ್ಲಿ ಹತ್ತೊಂಬತ್ತು ಜನ ಬಿದ್ದಿದ್ರೆ ಯಾರನ್ನ ಕೇಳ್ತಿದ್ರಿ?"

ಸಾಹೇಬರು ಅವರ ಮುಖ ನೋಡಿದರು, ಮರದ ಕಾಲು ನೋಡಿದರು, ಬೀದಿಯುದ್ದಕ್ಕೂ ಬಣ್ಣ ಕೊಡವಿಕೊಂಡು ಏಳುತ್ತಿದ್ದ ಮಕ್ಕಳನ್ನು ನೋಡಿದರು. ಕೈಯಲ್ಲಿದ್ದ ನಕ್ಷೆಯನ್ನು ಮಡಚಿ ಜೇಬಿಗೆ ತುರುಕಿ ಆಫೀಸಿನ ಕಡೆ ನಡೆದರು.

ಮಗಳು ಎದ್ದು ಬಾಗಿಲ ಕೀಲಿನ ಮೇಲೆ ಬೆರಳಾಡಿಸಿದಳು. ಆಮೇಲೆ ಅಪ್ಪನ ಹತ್ತಿರ ಬಂದಳು. ಅವಳ ಮುಖ ನೋಡಲು ಇವರಿಗೆ ಧೈರ್ಯ ಬರಲಿಲ್ಲ.

"ಅಪ್ಪ, ಇವತ್ತಿಂದು ನಂಗೆ ಬಾಯಿಪಾಠ ಆಗೋಯ್ತು. ನಾಳೆ ಅಷ್ಟರಲ್ಲಿ ಮತ್ತೆ ಅದಲು ಬದಲು ಮಾಡ್ಬಿಡು. ಹೊರಡೋಕೆ ಇನ್ನೂ ಐದು ದಿನ ಇದೆ. ಸಾಯೋದೆಲ್ಲ ಇಲ್ಲೇ ಸತ್ತು ಮುಗಿಸ್ತೀನಿ."

ಬೇರೆ ದಿನವಾಗಿದ್ದರೆ ಇಂಥ ಅಪಶಕುನದ ಮಾತಿಗೆ ಅವಳ ಬಾಯಿಯ ಮೇಲೆ ಒಂದು ಬಿಡುತ್ತಿದ್ದೆ. ಆ ದಿನ ಸೆರಗಿನಿಂದ ಅವಳ ಕುತ್ತಿಗೆ ಒರೆಸಿದೆ.

"ಸಾಯಿ ಮಗಳೇ," ಎಂದೆ. "ಇಲ್ಲಿ ಎಷ್ಟು ಸಲ ಬೇಕಾದ್ರೂ ಸಾಯಿ."